ಉದ್ದ ತುದಿ

ಹೊಸ ಪಾರ್ಕಿನಲ್ಲಿ ಮಕ್ಕಳು ಎರಡು ತುದಿಗೆ ಕೂತು ಏರಿಳಿಯುವ ಏತಪಾತದ ಹಲಗೆ ನಡುಗಂಬದ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದವಿತ್ತು. ಪರಿಶೀಲನೆಗೆ ಬಂದ ಎಂಜಿನಿಯರ್ ಹುಬ್ಬು ಗಂಟಿಕ್ಕಿದರು.

"ಅಳತೆ ತಪ್ಪಿದೆ ಮೇಡಂ. ನಾನು ಸಹಿ ಹಾಕಲ್ಲ, ಕೀಳಿಸಿಬಿಡಿ."

"ತಪ್ಪಿಲ್ಲ ಸಾರ್, ಬೇಕಂತಲೇ ಹಾಗೆ ಮಾಡಿದ್ದು," ಎಂದಳು ವಿನ್ಯಾಸ ಮಾಡಿದಾಕೆ. "ದೊಡ್ಡವರೂ ಮಕ್ಕಳ ಜೊತೆ ಆಡಲಿ ಅಂತ. ಗಿಡ್ಡ ತುದೀಲಿ ಕೂತು ನೋಡಿ."

"ಎಂಬತ್ತು ಕೆಜಿ ಇದೀನಿ. ನನ್ನನ್ಯಾರ್ರೀ ಎತ್ತೋರು?" ಎಂದು ನಗುತ್ತಲೇ ಅವರು ಕೂತರು.

ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಓಡಿಹೋಗಿ ಉದ್ದನೆಯ ತುದಿಯಲ್ಲಿ ಕೂತಳು. ಎಂಜಿನಿಯರ್ ಮೇಲೇರಿದರು. ಅವರ ಬೂಟುಗಳು ಗಾಳಿಯಲ್ಲಿ ತೂಗಾಡಿದವು.

"ಸರಿ ಸರಿ, ಒಪ್ಪಿದೆ. ಇಳಿಸಮ್ಮ."

"ಮೊದಲು ಸಹಿ ಹಾಕಿ ಅಂಕಲ್."