ಮಗುಚಿದ ಬಟ್ಟಲು

"ಆ ಸೊಪ್ಪು ನಾವು ನಮ್ಮ ಹುಳಕ್ಕೆ ಹಾಕ್ಲಿಲ್ಲ ಕಣಕ್ಕಾ, ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡ್ದ ಔಷಧಿ ಅದ್ರ ಮೇಲೂ ಬಿದ್ದಿತ್ತಲ್ಲ," ಎಂದು ರೂಪ ಮುದ್ದೆ ಮುರಿಯುತ್ತ ಹೇಳಿ, ಸಾರಿಗೆಂದು ಖಾಲಿ ಬಟ್ಟಲು ಚಾಚಿದಳು. ತನುಜಳ ಕೈಯಲ್ಲಿ ಸೌಟು ಹಾಗೇ ನಿಂತಿತು. ನಿನ್ನೆ ಆ ಹಿಪ್ಪುನೇರಳೆ ಸೊಪ್ಪನ್ನು ತಂದು ತನುಜಳ ರೇಷ್ಮೆ ಹುಳಗಳಿಗೆ ಹರಡಿದವಳು ಪಕ್ಕದ ಮನೆಯ ಈ ರೂಪಳೇ. ಹೊರಗಿನವರು ಹೊಸ್ತಿಲು ತುಳಿಯಬಾರದ ಹುಳದ ಮನೆಯೊಳಕ್ಕೆ ತನುಜ ಬಿಡುತ್ತಿದ್ದದ್ದು ಅವಳೊಬ್ಬಳನ್ನೇ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳು ಬೆಳಗಿನಿಂದ ಹಸಿರು ಕಕ್ಕುತ್ತ, ತಲೆ ಕೊಡವುತ್ತ ಸಾಯುತ್ತಿದ್ದವು.

ಹಿಂದೆ ಹಾಂಗ್‌ಕಾಂಗಿನಲ್ಲಿ ಕೆಲಸಕ್ಕಿದ್ದಾಗ ತನುಜ ಆರೈಕೆ ಮಾಡುತ್ತಿದ್ದ ಮುದುಕಿ, ಸಾಕಿದ ಮಗನೇ ಮೋಸ ಮಾಡಿದ ದಿನ ಕ್ಯಾಂಟನೀಸಿನಲ್ಲಿ ಒಂದು ಮಾತು ಅಂದಿದ್ದಳು. ತನುಜಳಿಗೆ ಅರ್ಥವಾಗಲೆಂದು, ಅವನು ಉಂಡ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ ತೋರಿಸಿದ್ದಳು. ಅರ್ಥವಾದಂತೆ ತನುಜ ಅಂದು ತಲೆಯಾಡಿಸಿದ್ದಳು.

ಉಂಡ ಬಟ್ಟಲನ್ನೇ ಮಗುಚುವವರು ಎಂಬ ಆ ಮಾತು ಈಗ ನಿಜಕ್ಕೂ ಅರ್ಥವಾಗಿ, ತಾನಾಗಿ ಬಾಯಿಗೆ ಬಂತು. ತನ್ನೂರು ಜಂಗಮಕೋಟೆಯಲ್ಲಿ ಅದು ತಿಳಿಯುವವರು ಇನ್ನೊಬ್ಬರಿರಲಿಲ್ಲ. ಹೇಳುತ್ತಲೇ ತನುಜ ರೂಪಳ ಕೈಯಿಂದ ಬಟ್ಟಲು ಕಿತ್ತುಕೊಂಡು ನೆಲಕ್ಕೆ ಬೋರಲು ಹಾಕಿದಳು.

ರೂಪ ಬಟ್ಟಲನ್ನು ನೋಡಿದಳು, ತನುಜಳ ಮುಖ ನೋಡಿದಳು.

"ಯಾಕಕ್ಕಾ, ಸಾರು ಆಗೋಯ್ತಾ?"