ಹಂದಿ ಓಡಿಸುವ ಹಾಡು

ಮಗಳ ಹಾಡು ಹಂದಿ ಓಡಿಸಲು ಲಾಯಕ್ಕಾಗಿದೆ ಎಂದು ಷಡಕ್ಷರಿ ಮಗಳ ಎದುರಿಗೇ ಹೇಳಿದ. ಆರು ತಿಂಗಳ ಮೇಲೆ ಊರಿಗೆ ಬಂದ ಪದ್ಮಶ್ರೀ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ತಮಾಸೆಗೆ ಏಳ್ತಿಲ್ಲ ಕಣವ್ವ. ಸ್ಪೀಕರ್‌ಗೆ ಆಕೊಂಡು ದಿನಾ ಸಂಜೆ ಒಲಕ್ಕೆ ಒಯ್ತೀನಿ. ನಿನ್ ಗಂಟ್ಲು ಕೇಳುದ್ರೆ ಅಂದಿ ಜೀರಳ್ಳಿ ಕಾಡು ದಾಟ್ಕೊಂಡು ಓಡ್ತವೆ."

ಅಂಗಳದ ತುಂಬ ಒಣಗುತ್ತಿದ್ದ ಮುಸುಕಿನ ಜೋಳದಿಂದ ಒಂದು ತೆನೆ ಎತ್ತಿಕೊಂಡು ಕಾಳು ಬಿಡಿಸತೊಡಗಿದ.

ಪದ್ಮಶ್ರೀ ಮೈಸೂರಿನ ಒಂದು ರಾಕ್ ತಂಡದಲ್ಲಿ ಹಾಡುತ್ತಾಳೆ. ಮೂವರು ಗಡ್ಡದವರು, ಎರಡು ಗಿಟಾರು, ಒಂದು ಡ್ರಮ್ಮು. ಮೆಲ್ಲಗೆ ಶುರುವಾಗಿ ಕೊನೆಗೆ ಕೂಗಾಟವಾಗುವ ಅವರ ದುಃಖದ ಹಾಡೊಂದು ಈ ವರ್ಷ ಎಲ್ಲರ ಮೊಬೈಲಿನಲ್ಲೂ ಅಳುತ್ತಿದೆ. ಕೈಕೊಟ್ಟ ಹುಡುಗನ ಮೇಲೆ ಬರೆದದ್ದೆಂದು ತಿಳಿದು ಜನ ಕಾಮೆಂಟಿನಲ್ಲಿ ಒಡೆದ ಹೃದಯ ಹಾಕುತ್ತಾರೆ. ಅವರ ಬುದ್ಧಿ ಓಡುವುದು ಅಷ್ಟೇ ದೂರ.

ಹಾಡು ಅವಳ ಅಣ್ಣ ನಟರಾಜನ ಮೇಲಿನದು. ಎರಡು ವರ್ಷದ ಹಿಂದೆ, ಆ ಸಲದ ಜೋಳವನ್ನೆಲ್ಲ ಸತ್ಯಮಂಗಲದ ಮಂಡಿಗೆ ಹಾಕಿ ಬೈಕಿನಲ್ಲಿ ಹಿಂದಿರುಗುವಾಗ ಹಾಸನೂರಿನ ತಿರುವಿನಲ್ಲಿ ಬಿದ್ದು ಸತ್ತ. ಮಗನನ್ನು ಮಣ್ಣು ಮಾಡುವಾಗ ಷಡಕ್ಷರಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮರುದಿನ ಸಂಜೆಯೇ ಹಂದಿ ಕಾಯಬೇಕೆಂದು ಟಾರ್ಚು ಹಿಡಿದು ಹೊಲಕ್ಕೆ ಹೊರಟ. ಬಂದ ನೆಂಟರು ಬಾಯಿಗೆ ಸೆರಗು ಅಡ್ಡ ಹಿಡಿದು ನೋಡಿದರು. 'ಮಗನ ಮಣ್ಣು ಆರುವ ಮೊದಲೇ ಬೆಳೆ ಕಾಯಲು ಹೊರಟೆಯಾ' ಎಂಬ ಸಾಲನ್ನು ಪದ್ಮಶ್ರೀ ಮೂರು ಸಲ ಹಾಡುತ್ತಾಳೆ.

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ. ಷಡಕ್ಷರಿ ಈ ಹಾಡನ್ನು ಹಂದಿಗೆ ಹಾಕಿದ.

"ಆ ಹಾಡು ಯಾರ ಮೇಲೆ ಅಂತಾದ್ರೂ ಗೊತ್ತಾ ನಿಂಗೆ?" ಎಂದಳು.

"ಯಾರ್ ಮೇಲಾದ್ರೆ ಏನು? ಡಬ್ಬ ಬಡ್ಕೊಂಡು ಅರಚುದ್ರೆ ಸತ್ತೋನು ಎದ್ದು ಬಂದನಾ?"

ಅವಳಿಗೆ ಅಪ್ಪನ ಮೇಲೆ ಹೇಸಿಗೆಯಾಯಿತು. ಒಂದೇ ಸಲ ಅವನು ಹಾಡನ್ನು ಪೂರ್ತಿ ಕೇಳಲಿ, ಅಣ್ಣನಿಗಾಗಿ ಒಂದು ಸಲ ಅಳಲಿ, ಆಗದಿದ್ದರೆ ಈ ಹೊಸಿಲು ಮತ್ತೆ ತುಳಿಯುವುದಿಲ್ಲ ಎಂದು ನಿಶ್ಚಯಿಸಿಯೇ ಬಂದಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಹೊರಡುವುದೆಂದು ಬ್ಯಾಗು ಬಿಚ್ಚಲಿಲ್ಲ.

ಒಲೆ ಮುಂದಿದ್ದ ಅಮ್ಮ ಶಕುಂತಲಮ್ಮನನ್ನು ಕೇಳಿದಳು. "ನಿಜವಾಗ್ಲೂ ಅಂದಿಗೆ ಆಕ್ತನಾ ಅದ್ನ?"

"ದಿನಾ ಒತ್ಕೊಂಡು ಓಯ್ತರೆ. ಎಂಥಾ ಚಳಿ ಇದ್ರೂ ಬುಡಲ್ಲ."

"ಅಂದಿ ಬತ್ತವಾ?"

"ಒಂದೂ ಬಂದಿಲ್ಲ ಕಣವ್ವ." ಶಕುಂತಲಮ್ಮ ರಾಗಿಮುದ್ದೆ ತಿರುವುತ್ತ ತಲೆ ಎತ್ತಲಿಲ್ಲ. "ನೀನೇ ಒಂದ್ಸಲ ಓಗಿ ನೋಡು."

ಹೊತ್ತು ಮುಳುಗುವಾಗ ಷಡಕ್ಷರಿ ಸ್ಪೀಕರ್ ಹೆಗಲಿಗೇರಿಸಿ ಹೊರಟ. ತುಸು ಹೊತ್ತಿನ ಮೇಲೆ ಪದ್ಮಶ್ರೀಯೂ ಹೊರಟಳು. ಅಣ್ಣನ ಹಾಡು ಹಂದಿಯ ಪಾಲಾಗುವುದು ಬೇಡ. ಸ್ಪೀಕರ್ ಕಿತ್ತುಕೊಂಡು ಹಾಡು ಅಳಿಸಿ ಬರುವುದು, ಅಷ್ಟೇ.

ಹಂದಿ ಬೆದರಿಸುವ ಸ್ಪೀಕರ್ ಊರ ಬಾಗಿಲಿಗೇ ಕೇಳಬೇಕು. ಹೊಲದ ಬದುವಿಗೆ ಬಂದರೂ ಸದ್ದಿಲ್ಲ. ಕಾವಲಿನ ಅಟ್ಟಣೆಯ ಬುಡಕ್ಕೆ ಬಂದಾಗ ಅವಳದೇ ದನಿ ಸಣ್ಣಗೆ ಕಿವಿಗೆ ಬಿತ್ತು. ಜಿಪುಣ, ಬ್ಯಾಟರಿ ಉಳಿಸುತ್ತಿದ್ದಾನೆ ಎಂದುಕೊಂಡು ಏಣಿ ಹತ್ತಿದಳು.

ಅಪ್ಪ ಅವಳಿಗೆ ಬೆನ್ನು ಹಾಕಿ ಕೂತಿದ್ದ. ಸ್ಪೀಕರಿನ ಬಾಯಿ ಹೊಲದ ಕಡೆಗಿರಲಿಲ್ಲ, ಅವನ ಕಡೆಗೇ ಇತ್ತು. ಮಗನ ಮಣ್ಣು ಆರುವ ಮೊದಲೇ ಎಂಬ ಸಾಲು ಬಂತು. ಗುಂಡಿ ಒತ್ತಿ ಹಾಡನ್ನು ಹಿಂದಕ್ಕೆ ತಂದ. ಅದೇ ಸಾಲು ಮತ್ತೆ ಬಂತು. ಮತ್ತೆ ಒತ್ತಿದ. ಅವಳು ಮೂರು ಸಲ ಹಾಡಿದ್ದನ್ನು ಅವನು ಏಳೆಂಟು ಸಲ ಹಾಡಿಸಿದ. ಅವನ ಹೆಗಲು ಕುಲುಕುತ್ತಿತ್ತು.

ಕಿತ್ತುಕೊಳ್ಳಲು ಚಾಚಿದ್ದ ಕೈ ಹಾಗೇ ನಿಂತಿತು. ಅಪ್ಪನನ್ನು ನೋಡಲಾರದೆ ಪದ್ಮಶ್ರೀ ಹೊಲದ ಕಡೆ ತಿರುಗಿದಳು. ತೆನೆ ಮುರಿದು ತಿಂಗಳಾಗಿದ್ದ ಆ ಎರಡು ಎಕರೆಯಲ್ಲಿ ಹಂದಿ ಮೂಸುವಂಥ ಒಂದು ಗರಿಯೂ ಇರಲಿಲ್ಲ.

ಅಣ್ಣ ಸತ್ತದ್ದು ಜೋಳವನ್ನೆಲ್ಲ ಮಂಡಿಗೆ ಹಾಕಿ ಬರುವಾಗ. ಮರುದಿನ ಅಪ್ಪ ಬೆಳೆ ಕಾಯಲು ಬಂದಾಗಲೂ ಈ ಹೊಲ ಹೀಗೇ ಬರಿದಾಗಿತ್ತು.