ದನಿ ಕೊಟ್ಟವರು

ನುಗ್ಜಾರ್ ಎಂಬ ಅಪರಿಚಿತ ಆಸ್ಪತ್ರೆಯ ಕೋಣೆಗೆ ಬಂದವನೇ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕುತ್ತಿಗೆಯ ತೂತು ತೋರಿಸಿದ. ಗೋಡೆಗೆ ಮುಖ ಮಾಡಿ ಮಲಗಿದ್ದ ಬೊಂದೊ ಮೆಲ್ಲಗೆ ತಿರುಗಿದ. ಅವನ ಕುತ್ತಿಗೆಯಲ್ಲೂ ಅದೇ ಜಾಗದಲ್ಲಿ ಅಂಥದೇ ತೂತು.

ಊರಿನ ಯಾವುದೇ ಔತಣವಿರಲಿ, ಎದ್ದು ನಿಂತು ವೈನ್ ಬಟ್ಟಲೆತ್ತಿ ಎಲ್ಲರನ್ನೂ ಹರಸುವ ಕೆಲಸ ಬೊಂದೊನದು. ಗಂಟಲ ಕ್ಯಾನ್ಸರ್ ಅಂತ ಕುತೈಸಿ ನಗರದ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅವತ್ತಿನಿಂದ ಅವನು ಹೆಂಡತಿ ಕೆಟೊಳಿಗೂ ಒಂದು ಸನ್ನೆ ಮಾಡಿರಲಿಲ್ಲ.

"ನಾನು ಟ್ರಾಲಿಬಸ್ ಓಡಿಸ್ತಿದ್ದೆ," ಅಂದ ನುಗ್ಜಾರ್. ದನಿ ಗರಗರ, ಮಾತು ಸ್ಪಷ್ಟ. "ನಾನೂ ಹೀಗೇ ಗೋಡೆ ನೋಡ್ತಾ ಬಿದ್ದಿದ್ದೆ ಅಣ್ಣ. ಗೋಡೆ ಏನೂ ಕಲಿಸಲಿಲ್ಲ. ಗಾಳಿ ನುಂಗು, ತೇಗು. ಆ ತೇಗಲ್ಲೇ ಮಾತಿದೆ."

ಬೊಂದೊ ಮನೆಗೆ ಬಂದ ಮೇಲೂ ನುಗ್ಜಾರ್ ಪ್ರತಿ ಗುರುವಾರ ಬಂದು ಕಲಿಸುವುದನ್ನು ತಪ್ಪಿಸಲಿಲ್ಲ. ಮೊದಲ ತೇಗು ಬಂದಾಗ ಕೆಟೊಳಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಮೇಜಿನ ಮುಂದೆ ತೇಗಬೇಡ ಅಂತ ಬೈದೆ. ಈಗ ತೇಗಪ್ಪಾ ಅಂತ ಬೇಡ್ಕೋಬೇಕು." ಬೊಂದೊನ ಭುಜಗಳೂ ಕುಲುಕಿದವು.

ಒಂದು ಗುರುವಾರ ಅವಳು ಒಲೆಯ ಮುಂದಿದ್ದಳು. ಹಿಂದಿನಿಂದ ಯಾರೋ "ಕೆಟೊ" ಅಂದರು.

"ಏನು ಬೇಕು ನುಗ್ಜಾರ್?" ಎಂದು ತಿರುಗಿದಳು. ನುಗ್ಜಾರ್ ಬಾಯಿ ತುಂಬ ಚೀಸ್ ರೊಟ್ಟಿ ಹಚಾಪುರಿ ತುಂಬಿಕೊಂಡು ಬೊಂದೊನತ್ತ ಬೆರಳು ತೋರಿಸುತ್ತಿದ್ದ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಪುಣ್ಯವಂತ ನೀನು," ಬಾಯಲ್ಲಿದ್ದುದನ್ನು ನುಂಗಿ ನುಗ್ಜಾರ್ ಅಂದ. "ಹೆಂಡತಿ ಹೆಸರು ಸುಲಭ. ನನ್ನವಳು ಲಾಮ್ಝಿರಾ. ಎರಡು ವರ್ಷ ಬೈಯೋಕೂ ಆಗಲಿಲ್ಲ."

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಬೊಂದೊ ಊರವರನ್ನೆಲ್ಲ ಊಟಕ್ಕೆ ಕರೆದ. ಬಟ್ಟಲು ಹಿಡಿದು ಎದ್ದು ನಿಂತ.

"ಈ ದನಿ... ನುಗ್ಜಾರ್... ಕೊಟ್ಟಿದ್ದು."

ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ನುಗ್ಜಾರ್ ತಲೆಯಾಡಿಸಿದ. "ನಂದಲ್ಲ ಅಣ್ಣ. ಅನ್ಝೊರ್ ಅಂತ, ಪೋತಿ ಬಂದರಿನ ಮೀನುಗಾರ. ಅವನಿಗೂ ಇದೇ ತೂತು. ನಾನು ಬೈದು ಓಡಿಸಿದರೂ ಮತ್ತೆ ಮತ್ತೆ ಬಂದು ಕಲಿಸಿದ. ಹೋದ ಚಳಿಗಾಲದಲ್ಲಿ ತೀರಿಕೊಂಡ."

ಬೊಂದೊ ರೊಟ್ಟಿ ಮುರಿದು, ಸತ್ತ ತನ್ನ ಅಪ್ಪನಿಗೆ ಮಾಡುವಂತೆಯೇ ಅದರ ಮೇಲೆ ವೈನ್ ಸುರಿದ. ತಾನೆಂದೂ ಕಾಣದ ಆ ಮನುಷ್ಯನ ಹೆಸರು ಹೇಳಲು ಗಾಳಿ ನುಂಗಿದ. ಎರಡು ಸಲ ಬರೀ ಗಾಳಿಯೇ ಹೊರಬಂತು. ಯಾರೂ ಕೂರಲಿಲ್ಲ, ಯಾರೂ ಅವನ ಬದಲು ಹೇಳಲಿಲ್ಲ.

"ಅನ್ಝೊರ್," ಅಂದ ಬೊಂದೊ.